ಫ್ಲ್ಯಾಂಜು ದುಂಡಗೇ ಯಾಕೆ ಅಂತ ಬಿಲ್ಲೆಯಕ್ಕನನ್ನು ಕೇಳಬೇಡಿ

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಲೇತು ಮಾತ್ರ ಆಗಲೇ ಸದ್ದು ಮಾಡುತ್ತಿದೆ. ಅದರ ಮುಂದೆ, ಕೂದಲನ್ನು ಬಟ್ಟೆಯೊಳಗೆ ಬಿಗಿಯಾಗಿ ಕಟ್ಟಿ, ತೋಳನ್ನು ಮೊಣಕೈತನಕ ಮಡಚಿ ನಿಂತವರು ಬಿಲ್ಲೆಯಕ್ಕ. ಬಾಗಿಲಿನಿಂದ ನೋಡಿದರೆ ಅವರ ಬೆನ್ನು, ತಲೆಯ ಮೇಲೊಂದು ಬಲ್ಬು, ಗಿರಗಿರನೆ ತಿರುಗುತ್ತಿರುವ ಒಂದು ಕಬ್ಬಿಣದ ತಟ್ಟೆ, ಇಷ್ಟೇ ಕಾಣುವುದು. ಉಳಿ ತಗುಲಿದ ಕಡೆ ಕಬ್ಬಿಣ ಸುರುಳಿ ಸುರುಳಿಯಾಗಿ ಕಳಚಿ ಅವರ ಕಾಲ ಬುಡದಲ್ಲಿ ಬೀಳುತ್ತಿದೆ.

ಪೇಪರ್ ಹಾಕುವವನು ಸೈಕಲ್ಲಿನಿಂದ ಒಂದು ಕಾಲು ಕೆಳಗೂರಿ ನಿಲ್ಲುತ್ತಾನೆ. ಅಷ್ಟು ಹೊತ್ತಿಗೆ ಅವನಿಗೆ ಬೇರೆ ಕೆಲಸವಿಲ್ಲವೇ? ಇದೆ. ಆದರೂ ನಿಲ್ಲುತ್ತಾನೆ, ನೋಡುತ್ತಾನೆ, ಕೇಳಿಯೇ ಬಿಡುತ್ತಾನೆ. ಇದನ್ನು ದುಂಡಗೇ ಯಾಕೆ ಮಾಡುವುದು, ಚೌಕವಾಗಿ ಕತ್ತರಿಸಿದರೆ ಕೆಲಸ ಬೇಗ ಮುಗಿಯುವುದಿಲ್ಲವೇ ಅಂತ. ಬಿಲ್ಲೆಯಕ್ಕ ತಿರುಗಿ ನೋಡುವುದಿಲ್ಲ. ಬಾಯೊಳಗೇ "ಬಂತು" ಅನ್ನುತ್ತಾರೆ.

ಬಂತು ಅಂದರೆ ದಿನದ ಮೊದಲನೆಯದು ಬಂತು ಅಂತ. ಇನ್ನು ಚಹಾ ತರುವವನು ಕೇಳುತ್ತಾನೆ, ಎದುರು ಮನೆಯ ಅಜ್ಜಿ ಕೇಳುತ್ತಾರೆ, ಮೋಟರ್ ರಿಪೇರಿಗೆ ಬಂದವರು ಕಾಯುವ ಬೇಸರಕ್ಕೆ ಕೇಳುತ್ತಾರೆ. ಪುರವಣಿಗೆ ಬರೆಯುತ್ತೇವೆಂದು ಪೆನ್ನು ಹಿಡಿದು ಬಂದವರೂ ಕೂತ ತಕ್ಷಣ ಬೇರೇನನ್ನೂ ಕೇಳದೆ ಇದನ್ನೇ ಕೇಳಿದರು. ಆಗ ಬಿಲ್ಲೆಯಕ್ಕನ ಮುಖ ನೋಡಬೇಕಿತ್ತು. ಲೇತು ಆರಿಸಿ, ಕೈ ಒರೆಸಿಕೊಂಡು, "ನಿಮ್ಮನೆ ತಟ್ಟೆ ದುಂಡಗೆ ಯಾಕಿದೆ ಅಂತ ಯಾರಾದ್ರೂ ಬಂದು ಕೇಳ್ತಾರಾ?" ಅಂದರು.

ಗೊತ್ತಿಲ್ಲದವರಿಗೆ ಹೇಳಿಬಿಡುವುದು ಒಳ್ಳೆಯದು. ಎರಡು ದಪ್ಪ ಪೈಪುಗಳನ್ನು ಮುಖಕ್ಕೆ ಮುಖ ಹಚ್ಚಿ ಜೋಡಿಸಬೇಕಾದರೆ ಎರಡರ ತುದಿಗೂ ಒಂದೊಂದು ಅಗಲವಾದ ಕಬ್ಬಿಣದ ಬಿಲ್ಲೆ ಇರುತ್ತದೆ. ನಡುವೆ ಪೈಪಿನ ಬಾಯಿ, ಸುತ್ತ ಬೋಲ್ಟಿನ ತೂತುಗಳು. ಎರಡು ಬಿಲ್ಲೆಗಳ ಮಧ್ಯೆ ರಬ್ಬರಿನ ಪ್ಯಾಕಿಂಗ್ ಇಟ್ಟು ಬೋಲ್ಟು ಬಿಗಿದರೆ ನೀರು ಆಚೆ ಬರುವುದಿಲ್ಲ. ಈ ಬಿಲ್ಲೆಗೇ ಫ್ಲ್ಯಾಂಜು ಅನ್ನುವುದು. ಊರಿನ ನೀರಿನ ಲೈನಿನಲ್ಲಿರುವ ಫ್ಲ್ಯಾಂಜುಗಳೆಲ್ಲ ಈ ತಗಡಿನ ಶೆಡ್ಡಿನಲ್ಲಿ ಹುಟ್ಟಿದವು. ನಲ್ಲಿ ತಿರುಗಿಸಿ ನೀರು ಹಿಡಿಯುವವರಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಬಂದಿಲ್ಲ. ದಿನಕ್ಕೆ ಎಷ್ಟು ಮಾಡುತ್ತೀರಿ ಅಂದರೆ, ಎಣಿಸಿಲ್ಲ, ಬೆನ್ನು ಸಾಕು ಅನ್ನುವವರೆಗೆ ಮಾಡುತ್ತೇನೆ ಅನ್ನುತ್ತಾರೆ.

ಲೇತಿನ ಕೆಲಸ ಅವರಿಗೆ ಕಲಿಸಿದ್ದು ಅವರ ಅಪ್ಪ. ಅಪ್ಪನ ಕಾಲಾನಂತರ ಈ ಲೇತು ಮಗಳ ಪಾಲಿಗೆ ಬಂತು. ಗಂಡ ಫಿಟ್ಟರ್. ಪೈಪು ಎತ್ತುವುದು, ಕೂರಿಸುವುದು, ಬಿಗಿಯುವುದು ಅವರ ಕೆಲಸ. ಲೇತು ಓಡಿಸಲು ಬಾರದ ಅವರು ಅದರ ಹತ್ತಿರ ಸುಳಿಯುವವರಲ್ಲ. ಇವರು ತಿರುಗಿಸಿ ಕೊಟ್ಟದ್ದನ್ನು ಅವರು ತೆಗೆದುಕೊಂಡು ಹೋಗಿ ಜೋಡಿಸುವುದು, ಮದುವೆಯಾದಾಗಿನಿಂದ ಹೀಗೇ ನಡೆದಿದೆ. ಶೆಡ್ಡಿಗೆ ಬಂದವರು ಲೇತಿನ ಮುಂದೆ ನಿಂತ ಬಿಲ್ಲೆಯಕ್ಕನನ್ನೇ ನೋಡುತ್ತ "ಲೇತು ಓಡಿಸೋ ಟರ್ನರ್ ಎಲ್ಲಿದ್ದಾರಮ್ಮ?" ಅಂತ ಕೇಳಿದ್ದುಂಟು. ಮೊದಮೊದಲು ನಾನೇ ಅನ್ನುತ್ತಿದ್ದರು. ಆಮೇಲೆ ಬೇಸತ್ತು, ಊಟಕ್ಕೆ ಹೋಗಿದ್ದಾರೆ, ಕೂತಿರಿ ಅನ್ನಲು ಶುರುಮಾಡಿದರು. ಕೂತವರಲ್ಲಿ ಒಬ್ಬಿಬ್ಬರು ಸಂಜೆಯತನಕ ಕಾದದ್ದೂ ಇದೆ.

ಕಣ್ಣಿಗೆ ಕಬ್ಬಿಣದ ಚೂರು ಹಾರಿದ್ದು, ಬೆರಳ ತುದಿ ಸೀಳಿದ್ದು, ನಿಂತೂ ನಿಂತೂ ಹಿಮ್ಮಡಿ ಸೀಯುವುದು, ಇದನ್ನೆಲ್ಲ ಕೆದಕಿ ಕೇಳಿದರೂ ಅವರು ಹೇಳುವುದಿಲ್ಲ. ಅದೇನು ದೊಡ್ಡ ವಿಷಯವೇ ಅನ್ನುತ್ತಾರೆ. ಅವರ ಹೊಟ್ಟೆ ಉರಿಸುವ ವಿಷಯ ಬೇರೆ. ಅದು ಪಂಪುಮನೆಯಲ್ಲಿದೆ.

ಪಂಪುಮನೆ ಶೆಡ್ಡಿನಿಂದ ಎರಡು ತಿರುವಿನಾಚೆ. ಮೇಲಿನ ಬೀದಿಗಳ ಟ್ಯಾಂಕಿಗೂ ಅದೇ ಸಾಲಿನಲ್ಲಿರುವ ಹೆರಿಗೆ ಆಸ್ಪತ್ರೆಗೂ ನೀರು ಏರುವುದು ಅಲ್ಲಿಂದಲೇ. ಆ ಪಂಪಿನ ಬಾಯಿಗೆ ಹಚ್ಚಿದ ಪೈಪಿನ ತುದಿಯಲ್ಲಿ ಊರಿಗೆಲ್ಲ ಒಂದೇ ಒಂದು ಚೌಕದ ಫ್ಲ್ಯಾಂಜು ಇದೆ. ಅದನ್ನು ಮಾಡಿದವರು ಬೇರೆ ಯಾರೂ ಅಲ್ಲ, ಸ್ವಂತ ಗಂಡ. ಮಗಳು ಹುಟ್ಟಿದ ಹೊಸದರಲ್ಲಿ, ಬಿಲ್ಲೆಯಕ್ಕ ಎರಡು ಬೀದಿಯಾಚೆ ತಾಯಿಯ ಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಾಗ, ಹೇಳದೆ ಕೇಳದೆ ಮಾಡಿ ಹಾಕಿದ್ದು. ಆ ಮಗಳು ಈಗ ಬಸ್ಸು ಓಡಿಸುತ್ತಾಳೆ. ಬಸ್ಸಿನ ಚಕ್ರ ದುಂಡಗೆ ಯಾಕೆ ಅಂತ ಅವಳನ್ನು ಒಬ್ಬರೂ ಕೇಳುವುದಿಲ್ಲ, ಅಲ್ಲಿಗೆ ಅವಳೇ ಪುಣ್ಯವಂತೆ.

ಆವತ್ತಿನಿಂದ ಇವತ್ತಿನವರೆಗೆ ಆ ಚೌಕ ತೊಟ್ಟಿಕ್ಕುತ್ತಲೇ ಇದೆ. ಧಾರೆಯಾಗಿ ಸುರಿದಿದ್ದರೆ ಅತ್ತಲಾಗಿ ಕಿತ್ತು ಬಿಸಾಡಬಹುದಿತ್ತು. ಹಾಗಲ್ಲ, ತೊಟ್ಟು ತೊಟ್ಟು. ಬಿಗಿದರೆ ಕೆಲವು ದಿನ ಸುಮ್ಮನಿರುತ್ತದೆ, ಮತ್ತೆ ಶುರು. ಮಂಡಿ ಗಟ್ಟಿಯಿರುವಷ್ಟು ಕಾಲ ಗಂಡನೇ ಹೋಗಿ ಬಿಗಿದು ಬರುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಆ ಸ್ಪ್ಯಾನರು ಬಿಲ್ಲೆಯಕ್ಕನ ಕುತ್ತಿಗೆಗೆ ಬಿತ್ತು. ಹೋಗುವಾಗೊಮ್ಮೆ ಬೈಗುಳ, ಬರುವಾಗೊಮ್ಮೆ ಬೈಗುಳ.

ಗಂಡ ತಪ್ಪು ಒಪ್ಪಿಕೊಂಡಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಒಪ್ಪುವ ಆಸಾಮಿಯೇ ಅವರು? ಮೂಲೆಯಲ್ಲಿ ಸ್ಟೂಲ್ ಹಾಕಿ ಕೂತು ಒಂದೊಂದು ಸಲಕ್ಕೆ ಒಂದೊಂದು ಕಾರಣ ಹೇಳುತ್ತಾರೆ. ಚೌಕದ್ದು ನೆಲದ ಮೇಲಿಟ್ಟರೆ ಉರುಳಿ ಹೋಗುವುದಿಲ್ಲ ಅನ್ನುತ್ತಾರೆ. ನೋಡಲು ಲಕ್ಷಣವಾಗಿದೆ ಅನ್ನುತ್ತಾರೆ. ತೊಟ್ಟಿಕ್ಕುವುದು ಪ್ಯಾಕಿಂಗಿನ ತಪ್ಪು, ಫ್ಲ್ಯಾಂಜಿನದಲ್ಲ ಅನ್ನುತ್ತಾರೆ. ಇದನ್ನು ಕೇಳಿ ಕೇಳಿ ಬಿಲ್ಲೆಯಕ್ಕನ ತಲೆ ಚಿಟ್ಟು ಹಿಡಿದಿದೆ. ಬೀದಿಯವರು ದುಂಡಗೇ ಯಾಕೆ ಅಂತ ಕೇಳುವುದಕ್ಕೂ ಗಂಡನೇ ಮೂಲ ಅನ್ನುವುದು ಅವರ ಗಟ್ಟಿ ನಂಬಿಕೆ. ಊರಲ್ಲಿ ಒಂದು ಚೌಕ ಕಂಡಿದ್ದಕ್ಕೇ ಜನಕ್ಕೆ ಈ ಚಪಲ ಹತ್ತಿದ್ದು.

"ನೀರಿಗೆ ಎಡ ಬಲ ಗೊತ್ತಿಲ್ಲ," ಅನ್ನುತ್ತಾರೆ ಬಿಲ್ಲೆಯಕ್ಕ, ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಹಾಕಿ. "ಪೈಪಿನೊಳಗೆ ಎಲ್ಲಾ ಕಡೆಗೂ ಒಂದೇ ಸಮ ಒತ್ತುತ್ತೆ. ಅದಕ್ಕೇ ಬೋಲ್ಟುಗಳೂ ನಡುವಿಂದ ಒಂದೇ ದೂರದಲ್ಲಿ ನಿಂತು ಒಂದೇ ಸಮ ಎಳೀಬೇಕು. ಮೂಲೆಗೆ ಅಲ್ಲೇನು ಕೆಲಸ? ಸುಮ್ನೆ ಭಾರ. ಬಿಗಿದ್ರೆ ಮೂಲೆ ಬಾಗುತ್ತೆ, ಪಕ್ಕದಲ್ಲಿ ಸಂದು ಬಿಡುತ್ತೆ. ದುಂಡಗಿದ್ರೆ ತೂತಿಗೆ ತೂತು ಸಿಗೋವರೆಗೂ ತಿರುಗಿಸ್ಕೋಬಹುದು. ಮತ್ತೆ ಲೇತು ಇರೋದೇ ತಿರುಗೋಕೆ. ತಿರುಗಿ ಹುಟ್ಟಿದ್ದು ದುಂಡಗಲ್ದೆ ಇನ್ನೇನಾಗುತ್ತೆ?" ಚೌಕದ್ದು ಇಲ್ಲವೇ ಇಲ್ಲ ಅಂತಲ್ಲ, ಇಕ್ಕಟ್ಟಿನ ಜಾಗಕ್ಕೆ, ಕೆಲವು ಯಂತ್ರಗಳಿಗೆ ಅಂತ ಬೇಕೆಂದೇ ದಪ್ಪ ಮಾಡಿ ಹಾಕುತ್ತಾರೆ, ಆದರೆ ಅದಕ್ಕೂ ಗಂಡ ಕೂರಿಸಿದ ಆ ತೆಳು ತಗಡಿಗೂ ಸಂಬಂಧವಿಲ್ಲ ಅಂತಲೂ ಸೇರಿಸುತ್ತಾರೆ.

ಇವತ್ತು ಅಷ್ಟು ಮುಂಚೆ ಎದ್ದು ಲೇತಿನ ಮುಂದೆ ನಿಂತದ್ದು ಆ ಚೌಕವನ್ನು ಕೀಳಲಿಕ್ಕೇ. ಕೊನೆಗೂ ನೀರಿನ ಕಚೇರಿಯಿಂದ ಅನುಮತಿ ಸಿಕ್ಕಿದೆ. ಬೆಳಗ್ಗೆ ಪಂಪು ನಿಲ್ಲಿಸಿ ಮಧ್ಯಾಹ್ನದೊಳಗೆ ಮತ್ತೆ ಚಾಲೂ ಮಾಡಬೇಕು. ತಡವಾದರೆ ಟ್ಯಾಂಕು ಬರಿದಾಗುತ್ತದೆ, ಹೆರಿಗೆ ಆಸ್ಪತ್ರೆಯಲ್ಲಿ ಬಿಸಿನೀರು ಕಾಯಿಸಲೂ ನೀರಿರುವುದಿಲ್ಲ. ಅದು ಸಾಲದು ಅಂತ ನೆನ್ನೆ ಸಂಜೆ ಚಹಾ ಅಂಗಡಿಯ ಮುಂದೆ, ಗಂಡನಿಗೂ ಕೇಳಿಸಲಿ ಅಂತ ದನಿ ಎತ್ತರಿಸಿ, ನಾಳೆಯಿಂದ ಆ ಜಾಯಿಂಟಿನಲ್ಲಿ ಒಂದು ತೊಟ್ಟು ಬಿದ್ದರೂ ನಾನು ಲೇತು ಮುಟ್ಟುವುದಿಲ್ಲ ಅಂದುಬಿಟ್ಟಿದ್ದಾರೆ. ಬೀದಿಯೇ ಕೇಳಿಸಿಕೊಂಡಿದೆ. ಗಂಡ ಮಾತ್ರ ಚಹಾ ಆರಿಸಿಕೊಳ್ಳುತ್ತ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು.

ಹೊಸ ಫ್ಲ್ಯಾಂಜು ತಯಾರಾಗುತ್ತದೆ. ಮುಖ ನುಣ್ಣಗೆ, ಅಂಚು ದುಂಡಗೆ, ನಾಲ್ಕು ತೂತುಗಳು ಒಂದೇ ಸಮ ದೂರದಲ್ಲಿ. ಬಟ್ಟೆಯಲ್ಲಿ ಸುತ್ತಿ ಹೆಗಲಿಗೇರಿಸಿ ಬಿಲ್ಲೆಯಕ್ಕ ಪಂಪುಮನೆಯ ಮೆಟ್ಟಿಲಿಳಿಯುತ್ತಾರೆ. ಪಂಪು ನೋಡಿಕೊಳ್ಳುವವನು, ಮಗಳು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇರುವವನು, ಆಗಲೇ ಪಂಪು ನಿಲ್ಲಿಸಿ, ಬೋಲ್ಟು ಬಿಚ್ಚಿ, ಗ್ಯಾಸ್ ಕಟ್ಟರ್ ಹಿಡಿದು ಕಾಯುತ್ತಿದ್ದಾನೆ. ಕೊಯ್ಯಲೇ ಅಂತ ಒಂದು ಸಲ ಕೇಳುತ್ತಾನೆ. ಕೊಯ್ಯಿ ಅನ್ನುತ್ತಾರೆ ಇವರು. ಚೌಕ ಠಣ್ಣೆಂದು ನೆಲಕ್ಕೆ ಬೀಳುತ್ತದೆ. ನಿಜಕ್ಕೂ ಉರುಳುವುದಿಲ್ಲ.

ಪೈಪಿನ ತುದಿ ಉಜ್ಜಿ, ಹೊಸದನ್ನು ತೂರಿಸಿ, ಪಂಪಿನ ಫ್ಲ್ಯಾಂಜಿನ ಎದುರಿಗೆ ತರುತ್ತಾರೆ. ಬೋಲ್ಟು ಕೂರಿಸಿ ನೋಡದೆ ವೆಲ್ಡಿಂಗ್ ಮಾಡಬಾರದು. ಕೂರಿಸಲು ನೋಡುತ್ತಾರೆ. ಹೋಗುವುದಿಲ್ಲ. ಸ್ವಲ್ಪ ತಿರುಗಿಸುತ್ತಾರೆ. ಹೋಗುವುದಿಲ್ಲ. ಪೂರ್ತಿ ಒಂದು ಸುತ್ತು ತಿರುಗಿಸುತ್ತಾರೆ. ದುಂಡಗಿನದರ ಗುಣವೇ ತಿರುಗಿಸಿದರೆ ಸಿಗುವುದಲ್ಲವೇ, ಅವರೇ ಹೇಳಿದರಲ್ಲ. ಸಿಗುವುದಿಲ್ಲ. ಪಂಪಿನ ತೂತುಗಳು ಒಳಗಿನ ಸುತ್ತಿನಲ್ಲಿವೆ, ಇವರ ತೂತುಗಳು ಹೊರಗಿನ ಸುತ್ತಿನಲ್ಲಿವೆ. ಎಷ್ಟು ತಿರುಗಿಸಿದರೂ ಒಂದಕ್ಕೊಂದು ಮುಖ ಕೊಡುವುದಿಲ್ಲ.

ಬಿಲ್ಲೆಯಕ್ಕ ಅಲ್ಲೇ ಕುಕ್ಕರಿಸಿ ಕೂರುತ್ತಾರೆ. ಏನಾಗಿದೆ ಅಂತ ಅವರಿಗೆ ಗೊತ್ತಾಗಿದೆ. ಪಂಪು ಹಳೆಯದು, ಅಳತೆಯೂ ಹಳೆಯದು. ಇಡೀ ಲೈನು ಹೊಸ ಅಳತೆಗೆ ಬದಲಾಗಿದ್ದರೂ ಇದೊಂದು ಹಾಗೇ ಉಳಿದಿದೆ. ಸ್ಪ್ಯಾನರು ತಮ್ಮ ಕೈಗೆ ಬಂದಾಗಿನಿಂದ ತಿಂಗಳು ತಿಂಗಳು ಬಂದು ಬಿಗಿದು ಹೋಗಿದ್ದಾರೆ. ಒಂದು ದಿನವಾದರೂ ಆ ಚೌಕದ ಮೇಲೆ ಅಳತೆಪಟ್ಟಿ ಇಟ್ಟಿದ್ದಾರೆಯೇ? ಇಲ್ಲ. ಗಂಡ ಮಾಡಿದ ಆ ದರಿದ್ರವನ್ನು ಅಳೆಯುವುದೇ ಅವಮಾನ ಅಂದುಕೊಂಡು ಶೆಡ್ಡಿನ ಗೋಡೆಯಲ್ಲಿ ತೂಗುಹಾಕಿದ ಮಾದರಿಯ ಪ್ರಕಾರ ಕೊರೆದು ತಂದಿದ್ದಾರೆ. ಹಳೆಯದನ್ನು ಕೊಯ್ದಾಗಿದೆ, ಹೊಸದು ಕೂರುತ್ತಿಲ್ಲ, ಮೇಲಿನ ಟ್ಯಾಂಕಿನಲ್ಲಿ ನೀರು ಇಳಿಯುತ್ತಿದೆ.

ಚೌಕವನ್ನು ಪಂಪಿನವನ ಕೈಗೆ ಕೊಟ್ಟು, ದುಂಡಗಿನದನ್ನು ತಾವು ಹೊತ್ತು, ಬಿಲ್ಲೆಯಕ್ಕ ಶೆಡ್ಡಿಗೆ ಬಿರಬಿರನೆ ವಾಪಸ್ಸಾಗುತ್ತಾರೆ. ಚಹಾ ಅಂಗಡಿಯವರೆಲ್ಲ ನೋಡುತ್ತಾರೆ. ಗಂಡ ಅದೇ ಸ್ಟೂಲಿನ ಮೇಲೆ ಅದೇ ಭಂಗಿಯಲ್ಲಿ ಕೂತಿದ್ದಾರೆ. ಇಬ್ಬರ ಕೈಯಲ್ಲಿರುವುದನ್ನೂ ನೋಡಿ ಅವರಿಗೆ ಅರ್ಥವಾಗುತ್ತದೆ.

"ಅದು ಹಳೇ ಪಂಪು. ಅದರ ತೂತು ಒಳಗೆ ಬರುತ್ತೆ," ಅನ್ನುತ್ತಾರೆ.

"ಮೊದಲೇ ಹೇಳೋಕೇನಾಗಿತ್ತು ನಿಮಗೆ?"

"ನೀನು ಕೇಳಿದ್ಯಾ?"

ಬಿಲ್ಲೆಯಕ್ಕನಿಗೆ ಕೋಪ ನೆತ್ತಿಗೇರುತ್ತದೆ. ಇಷ್ಟು ವರ್ಷ ಗಂಟಲಲ್ಲಿ ಕೂತಿದ್ದದ್ದೆಲ್ಲ ಆಚೆ ಬರುತ್ತದೆ. ಆವತ್ತು ಒಂದು ಮಾತು ಹೇಳಿ ಕಳಿಸಿದ್ದರೆ ಇವತ್ತು ಈ ಗತಿ ಬರುತ್ತಿತ್ತೇ? ಎರಡು ಬೀದಿ ಆಚೆ ತಾನೆ ಇದ್ದದ್ದು? ನಾನಿಲ್ಲದಿದ್ದರೂ ಕೆಲಸ ನಡೆಯುತ್ತದೆ ಅಂತ ಊರಿಗೆ ತೋರಿಸಬೇಕಿತ್ತು ನಿಮಗೆ, ಅಷ್ಟೇ. ತೋರಿಸಿದಿರಿ. ಅದನ್ನೇ ಇಷ್ಟು ವರ್ಷ ಬಿಗಿದು ಬಿಗಿದು ನನ್ನ ಕೈ ಸವೆಯಿತು. ಹೀಗೆ ಅನ್ನುತ್ತ ದುಂಡಗಿನದನ್ನು ಮೇಜಿನ ಮೇಲೆ ಕುಕ್ಕುತ್ತಾರೆ.

ಗಂಡ ಮಂಡಿ ನೀವಿಕೊಳ್ಳುತ್ತ ನೆಲ ನೋಡುತ್ತಾರೆ. ಚೌಕವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದ ಪಂಪಿನವನಿಗೆ ತಡೆಯಲಾಗುವುದಿಲ್ಲ. ಚೌಕ ಹಾಕಿದ ಆವತ್ತು ಬೆಳಗ್ಗೆ ಅಲ್ಲಿದ್ದವನು ಅವನೇ. ಹಳೇ ಫ್ಲ್ಯಾಂಜು ಸೀಳಿಹೋಗಿ ನೀರೆಲ್ಲ ಪಂಪುಮನೆಯಲ್ಲಿ ತುಂಬಿತ್ತು. ಆಗ ಇದ್ದ ಇನ್ನೊಂದು ಲೇತಿನವನೂ ಊರಲ್ಲಿರಲಿಲ್ಲ. ಬೀದಿಯವರೆಲ್ಲ ಸೇರಿ ಹೆಂಡತಿಗೆ ಹೇಳಿ ಕಳಿಸು, ಬಂದು ಒಂದು ಬಿಲ್ಲೆ ತಿರುಗಿಸಿಕೊಟ್ಟು ಹೋಗಲಿ ಅಂತ ಗಂಡನ ಬೆನ್ನು ಹತ್ತಿದ್ದರು. ಹೆರಿಗೆಯಲ್ಲಿ ರಕ್ತ ಹೋಗಿ, ಎದ್ದು ನಿಲ್ಲಬಾರದು ಅಂತ ಡಾಕ್ಟರು ಹೇಳಿದ್ದು ಬೀದಿಯವರಿಗೇನು ಗೊತ್ತು?

"ಅಕ್ಕಾ, ಅಣ್ಣ ಒಂದೇ ಮಾತು ಹೇಳಿದ್ದು," ಅನ್ನುತ್ತಾನೆ ಪಂಪಿನವನು. "ಕರೆದ್ರೆ ಅವಳು ಬಂದೇ ಬರ್ತಾಳೆ, ಅದಕ್ಕೇ ಯಾರೂ ಕರೀಕೂಡದು ಅಂತ. ಆಮೇಲೆ ಗರಗಸ ತಗೊಂಡು ಕೂತ್ರು. ನಾನೇ ತಗಡು ಹಿಡ್ಕೊಂಡಿದ್ದೆ."

ಬಿಲ್ಲೆಯಕ್ಕ ಚೌಕವನ್ನು ಅವನ ಕೈಯಿಂದ ತೆಗೆದುಕೊಂಡು ಬಲ್ಬಿನ ಕೆಳಗಿಡುತ್ತಾರೆ. ಮೊದಲ ಸಲ ಸರಿಯಾಗಿ ನೋಡುತ್ತಾರೆ. ನಾಲ್ಕು ಅಂಚಿನಲ್ಲೂ ಗರಗಸದ ಗೀರುಗಳು. ನಡುವಿನ ಬಾಯನ್ನು ಸಣ್ಣ ಸಣ್ಣ ತೂತು ಕೊರೆದು, ಒಡೆದು, ಅರದಿಂದ ಉಜ್ಜಿ ಉಜ್ಜಿ ದುಂಡಗೆ ಮಾಡಿದ್ದಾರೆ. ಲೇತಿನಲ್ಲಿ ಕ್ಷಣದಲ್ಲಿ ಆಗುವ ಕೆಲಸ ಅದು. ಕೈಯಲ್ಲಿ ಮಾಡಿದವರ ಅಂಗೈ ಏನಾಗಿರಬೇಕು ಅಂತ ಬಿಲ್ಲೆಯಕ್ಕನಿಗೆ ಯಾರೂ ಹೇಳಬೇಕಿಲ್ಲ. ಆಗ ಮಗುವನ್ನು ನೋಡಲು ಬಂದಾಗಲೆಲ್ಲ ಗಂಡ ಕೈಗೆ ಬಟ್ಟೆ ಸುತ್ತಿಕೊಂಡಿದ್ದರು, ಮಗುವನ್ನು ಎತ್ತಿಕೊಂಡಿರಲಿಲ್ಲ. ಅದಕ್ಕೂ ಆಗ ಅವರನ್ನು ಬೈದದ್ದು ನೆನಪಾಗುತ್ತದೆ.

"ಮೂಲೆನಾದ್ರೂ ಸ್ವಲ್ಪ ಉಜ್ಜಬಹುದಿತ್ತಲ್ರೀ," ಅನ್ನುತ್ತಾರೆ ಕೊನೆಗೆ. ಅಷ್ಟೇ ಬರುತ್ತದೆ ಬಾಯಿಗೆ.

"ಆಸ್ಪತ್ರೆಗೆ ನೀರು ಬಿಡಬೇಕಿತ್ತು," ಅನ್ನುತ್ತಾರೆ ಗಂಡ.

ಈಗಲೂ ಬಿಡಬೇಕು. ಬಿಲ್ಲೆಯಕ್ಕ ಚೌಕವನ್ನು ದುಂಡಗಿನದರ ಮೇಲೆ, ಬಾಯಿಗೆ ಬಾಯಿ ಸರಿಯಾಗಿ ಕೂರಿಸಿ, ಮೊದಲು ಕೊರೆದ ತೂತುಗಳ ನಡುನಡುವೆ ಹೊಸ ತೂತು ಬರುವ ಹಾಗೆ ಸ್ವಲ್ಪ ತಿರುಗಿಸುತ್ತಾರೆ. ದುಂಡಗಿರುವುದಕ್ಕೇ ಅಲ್ಲೆಲ್ಲ ಜಾಗ ಉಳಿದಿದೆ. ಗಂಡ ಸ್ಟೂಲನ್ನು ಮುಂದೆಳೆದುಕೊಂಡು ಬಂದು ಎರಡೂ ಕೈಯಲ್ಲಿ ಅದುಮಿ ಹಿಡಿಯುತ್ತಾರೆ. ಅವರು ಹಿಡಿದ ಚೌಕದ ತೂತುಗಳ ಮೂಲಕವೇ ಇವರು ಮೊನಚಾದ ಪಂಚಿನಿಂದ ಹೊಡೆದು ಗುರುತು ಹಾಕುತ್ತಾರೆ. ಜರುಗಿಸಬೇಡಿ ಅಂತ ಒಮ್ಮೆ, ಉಸಿರಾಡಬೇಡಿ ಅಂತ ಇನ್ನೊಮ್ಮೆ ಗದರುತ್ತಾರೆ. ಕೊರೆಯುವ ಯಂತ್ರ ಶುರುವಾಗುತ್ತದೆ.

ಪಂಪುಮನೆಯಲ್ಲಿ ನಾಲ್ಕು ಬೋಲ್ಟೂ ಬೆರಳಲ್ಲಿ ತಳ್ಳಿದರೆ ಒಳಗೆ ಹೋಗುತ್ತವೆ. ಇಷ್ಟು ಕರಾರುವಾಕ್ಕಾದ ತೂತುಗಳನ್ನು ಕೊರೆದ ಮನುಷ್ಯನಿಗೆ ಮುಖ ಸಮ ಮಾಡಲು ಲೇತಿನ ಕೆಲಸವೊಂದು ಬರುತ್ತಿರಲಿಲ್ಲ, ಅಷ್ಟೇ ಅಲ್ಲವೇ ಕೊರತೆ? ಪಂಪಿನವನು ವೆಲ್ಡಿಂಗ್ ಮುಗಿಸುತ್ತಾನೆ. ಪ್ಯಾಕಿಂಗ್ ಇಟ್ಟು ಎದುರು ಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರುತ್ತಾರೆ. ಪಂಪು ಚಾಲೂ ಆಗುತ್ತದೆ. ಬಿಲ್ಲೆಯಕ್ಕ ಒಣಗಿದ ಅಂಗೈಯನ್ನು ಜಾಯಿಂಟಿನ ಕೆಳಗೆ ಹಿಡಿದು ನಿಲ್ಲುತ್ತಾರೆ, ಮೇಲಿನ ಟ್ಯಾಂಕಿಗೆ ನೀರು ಬೀಳುವ ಸುದ್ದಿ ಬರುವವರೆಗೂ ಹಾಗೇ ನಿಲ್ಲುತ್ತಾರೆ. ಅಂಗೈ ಒಣಗಿಯೇ ಇರುತ್ತದೆ. ಮೇಲೆ ಆಸ್ಪತ್ರೆಯ ನಲ್ಲಿಯಲ್ಲಿ ನೀರು ನಿಂತಿರಲಿಲ್ಲವಂತೆ, ಧಾರೆ ತೆಳ್ಳಗಾಗಿತ್ತಂತೆ ಅಷ್ಟೇ.

ಇದಾಗಿ ಕೆಲವು ದಿನವಾಗಿದೆ, ಈಗ ಆ ಜಾಯಿಂಟು ತೊಟ್ಟಿಕ್ಕುವುದಿಲ್ಲ. ಹಾಗಂತ ಬಿಲ್ಲೆಯಕ್ಕನಿಗೆ ನೆಮ್ಮದಿ ಸಿಕ್ಕಿತೆಂದು ತಿಳಿಯಬೇಡಿ. ಪಂಪುಮನೆಗೆ ಇಣುಕಿದವರೆಲ್ಲ ಈಗ ಹೊಸ ಪ್ರಶ್ನೆ ಹಿಡಿದುಕೊಂಡು ಶೆಡ್ಡಿಗೆ ಬರುತ್ತಾರೆ. ಎಂಟು ತೂತು ಇವೆಯಲ್ಲ, ಬೋಲ್ಟು ನಾಲ್ಕೇ ಯಾಕೆ? ಮೊನ್ನೆ ಪೇಪರ್ ಹಾಕುವವನು ಸೈಕಲ್ ನಿಲ್ಲಿಸಿ ಇದನ್ನು ಕೇಳಿದಾಗ ಬಿಲ್ಲೆಯಕ್ಕನ ಕಿವಿ ಕೆಂಪಾಯಿತು. ಅಳತೆ ನೋಡದೆ ಕೊರೆದೆ ಅಂತ ಊರಿಗೆ ಹೇಳುವುದು ಹೇಗೆ? ಅವರು ಬಾಯಿ ತೆರೆಯುವ ಮೊದಲೇ ಸ್ಟೂಲಿನ ಕಡೆಯಿಂದ ಉತ್ತರ ಬಂತು.

"ಬೇಕಂತಲೇ ಬಿಟ್ಟಿರೋದು. ನಾಳೆ ಹೊಸ ಪಂಪು ಬಂದ್ರೆ ಅದಕ್ಕೂ ಹೊಂದ್ಲಿ ಅಂತ. ಇವಳು ಮುಂದಿಂದೆಲ್ಲ ಯೋಚನೆ ಮಾಡ್ತಾಳೆ."

ಪೇಪರ್ ಹಾಕುವವನು ತಲೆದೂಗಿ ಹೋದ. ಬಿಲ್ಲೆಯಕ್ಕ ಗಂಡನ ಕಡೆ ತಿರುಗಿ ನೋಡಿದರು. ಅವರು ಚಹಾ ಆರಿಸಿಕೊಳ್ಳುತ್ತಿದ್ದರು. ಅವರ ಸ್ಟೂಲಿನ ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಹಳೇ ಚೌಕ ಇದೆ. ಗುಜರಿಗೆ ಹಾಕಲು ಹೊರಟವರನ್ನು ಬಿಲ್ಲೆಯಕ್ಕನೇ ಬೈದು, ಜಂಗು ಉಜ್ಜಿ, ಎಣ್ಣೆ ಸವರಿ ಇಟ್ಟಿದ್ದಾರೆ. ಮೂಲೆಗಳನ್ನು ಮುಟ್ಟಿಲ್ಲ.

ಮುಂದೆ ಏನಾದರೂ ಆಸೆ ಇದೆಯೇ ಅಂತ ಕೊನೆಗೆ ಪುರವಣಿಯವರು ವಾಡಿಕೆಯಂತೆ ಕೇಳಿದರು. ನನಗೆಂಥ ಆಸೆ ಅಂತ ಮೊದಲು ಕೈಯಾಡಿಸಿಬಿಟ್ಟರು. ಆಮೇಲೆ ಲೇತಿಗೆ ಕಬ್ಬಿಣ ಸಿಕ್ಕಿಸುತ್ತ, ಮೂಲೆಯ ಕಡೆ ನೋಡದೆಯೇ ಹೇಳಿದರು.

"ಇನ್ನು ಮೇಲೆ ಎಲ್ಲಾದ್ರೂ ಪೈಪು ಒಡೆದ್ರೆ, ನಾನು ಎಂಥಾ ಹಾಸಿಗೆ ಹಿಡಿದಿರಲಿ, ನನ್ನ ಕರೀಬೇಕು. ಅಷ್ಟು ಆದ್ರೆ ಸಾಕು. ಇದನ್ನ ಇವರಿಗೆ ಕೇಳಿಸೋ ಹಾಗೆ ಬರೀರಿ."

"ಕೇಳಿಸ್ತು," ಅಂದರು ಗಂಡ. ಚಹಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಕರೆಯಲ್ಲ."

ಬಿಲ್ಲೆಯಕ್ಕ ಹಣೆ ಚಚ್ಚಿಕೊಂಡು ಲೇತು ಹಾಕಿದರು.